ಮೂವತ್ತಮೂರು ಸುತ್ತು ಯಾರು ನೋಡುತ್ತಾರೆ? ಕೊಡಗಿನ ಒಂದು ದೂರದ ಓಟದ ಪ್ರಕರಣ ಅಧ್ಯಯನ

ದಕ್ಷಿಣ ಕೊಡಗಿನ ಒಂದು ಊರಿನ ಕ್ರೀಡಾ ಸಂಘ ಎರಡು ವರ್ಷ ನಡೆಸಿದ ದೂರದ ಓಟದ ಕೂಟವೇ ಈ ಬರಹದ ವಸ್ತು. ಊರು, ಸಂಘ, ಓಟಗಾರರು ಯಾರ ಹೆಸರನ್ನೂ ಹೇಳಿಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕೂಟದ ಸಿದ್ಧತೆಯಲ್ಲಿ ನಾನೂ ಜೊತೆಗಿದ್ದೆ. ಟ್ರ್ಯಾಕ್ ಮೇಲಿನ ದೂರದ ಓಟಕ್ಕೆ ಜನ ಬರುವುದಿಲ್ಲ, ಒಳ್ಳೆಯ ಓಟಗಾರರೂ ಬರುವುದಿಲ್ಲ ಎಂಬ ಕೊರಗು ಬೇರೆ ಜಿಲ್ಲೆಗಳಲ್ಲೂ ಇರುವುದರಿಂದ ಇದನ್ನು ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ಕೊಡಗಿನಲ್ಲಿ ಆಟ ನೋಡುವವರಿಗೆ ಬರವಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳಿದ್ದವು. ಗೌಡ ಕುಟುಂಬಗಳ ಕ್ರಿಕೆಟ್‌ಗೂ ಜನ ಸೇರುತ್ತಾರೆ. ಮಳೆಗಾಲದಲ್ಲಿ ಕೆಸರುಗದ್ದೆ ಓಟ ಇಟ್ಟರಂತೂ ಗದ್ದೆ ಬದುವಿನ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಅಥ್ಲೆಟಿಕ್ಸ್ ಎಂದರೆ ಅಶ್ವಿನಿ ನಾಚಪ್ಪ ಇದ್ದಾರೆ, ಗೋಣಿಕೊಪ್ಪದಲ್ಲಿ ಹುಟ್ಟಿದ ಎಂ.ಆರ್. ಪೂವಮ್ಮ ಇದ್ದಾರೆ. ಆದರೆ ಅವರಿಬ್ಬರ ಓಟಗಳು ಒಂದು ನಿಮಿಷದೊಳಗೆ ಮುಗಿಯುವಂಥವು. ಅರ್ಧ ಗಂಟೆಯ ಓಟವನ್ನು ನಿಂತು ನೋಡುವ ರೂಢಿ ಇಲ್ಲಿ ಯಾರಿಗೂ ಇರಲಿಲ್ಲ.

ಹತ್ತು ಸಾವಿರ ಮೀಟರ್ ಓಟ ಇಡೋಣ ಎಂಬ ಆಸೆ ಸಂಘದ ಹಿರಿಯರೊಬ್ಬರದು. ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾದವರು, ತಮ್ಮ ರೆಜಿಮೆಂಟಿನ ಪರವಾಗಿ ಕ್ರಾಸ್ ಕಂಟ್ರಿ ಓಡಿದವರು. ಅವರ ಆಸೆಯ ಹಿಂದೆ ಒಂದು ನೋವಿತ್ತು. ಪ್ರತಿದಿನ ಬೆಳಗ್ಗೆ ತೋಟದ ರಸ್ತೆಯಲ್ಲಿ ಓಡುವ ಹುಡುಗರೆಲ್ಲ ಸೇನಾ ಭರ್ತಿಯ 1600 ಮೀಟರ್ ಓಟಕ್ಕೆ ತಯಾರಾಗುವವರು. ಆಯ್ಕೆಯಾದರೆ ಊರು ಬಿಡುತ್ತಾರೆ, ಆಗದಿದ್ದರೆ ಓಟ ಬಿಡುತ್ತಾರೆ. ಅವರಲ್ಲಿ ಇನ್ನೂ ದೂರ ಓಡಬಲ್ಲವರು ಎಷ್ಟು ಜನ ಎಂದು ಯಾರೂ ನೋಡಿದ್ದೇ ಇಲ್ಲ. "ಒಬ್ಬ ಒಳ್ಳೇ ಓಟಗಾರ ಇವರ ಪಕ್ಕದಲ್ಲಿ ಓಡಿದ್ರೆ ಸಾಕು, ಇವರಿಗೆ ತಮ್ಮ ದಮ್ಮು ಗೊತ್ತಾಗುತ್ತೆ" ಎನ್ನುತ್ತಿದ್ದರು.

ಮೊದಲ ವರ್ಷ

ಸಂಘ ಆ ಮಾತನ್ನು ಅಕ್ಷರಶಃ ಪಾಲಿಸಿತು. ಸರ್ವಿಸಸ್ (ಸೇನಾಪಡೆಗಳ ತಂಡ) ಪರವಾಗಿ ರಾಷ್ಟ್ರೀಯ ಕೂಟಗಳಲ್ಲಿ ಓಡಿದ್ದ ಒಬ್ಬರನ್ನು (ಅವರನ್ನು 'ಕ' ಎನ್ನೋಣ) ಗೌರವಧನ ಕೊಟ್ಟು ಕರೆಸಿತು. ಒಟ್ಟು ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಬೇರೆ ಒಳ್ಳೆಯ ಓಟಗಾರರಿಗೂ ಪತ್ರ ಬರೆದರು, ಫೋನ್ ಮಾಡಿದರು, ಒಬ್ಬರೂ ಒಪ್ಪಲಿಲ್ಲ. ಕೂಟವನ್ನು ಗೊತ್ತುಮಾಡಿದ್ದು ಜನವರಿಯ ಮೂರನೇ ಭಾನುವಾರ. ಅದು ಮುಂಬೈ ಮ್ಯಾರಥಾನ್ ನಡೆಯುವ ದಿನ. ಹಣಕ್ಕಾಗಿ ಓಡಬೇಕಾದ ಅನಿವಾರ್ಯತೆ ಇರುವ ಯಾರೂ ಅಂದು ಕೊಡಗಿಗೆ ಬರುವಂತಿರಲಿಲ್ಲ. ಊರಿನವರಿಗೂ ಆ ದಿನ ಸರಿ ಇರಲಿಲ್ಲ. ಅರೇಬಿಕಾ ಕೊಯ್ಲು ಮುಗಿಯುತ್ತಾ ರೋಬಸ್ಟಾ ಶುರುವಾಗುವ ಹೊತ್ತು ಅದು. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಅದನ್ನು ಬಿಟ್ಟು ಯಾರು ಬರುತ್ತಾರೆ?

ಮೈದಾನದ ಟ್ರ್ಯಾಕು ಮಣ್ಣಿನದು, ಸುತ್ತಳತೆ 300 ಮೀಟರ್. ಸುಣ್ಣದ ಗೆರೆ ಬಿಟ್ಟರೆ ಅಂಚಿಗೆ ಬೇರೇನೂ ಇಲ್ಲ. ಅಂಥ ಕಡೆ ಒಳಗಿನ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ದೂರ ಅಳೆಯಬೇಕು. ದೈಹಿಕ ಶಿಕ್ಷಕರೊಬ್ಬರು ಟೇಪು ಹಿಡಿದು ಅದನ್ನು ಚೆನ್ನಾಗಿಯೇ ಮಾಡಿದ್ದರು. ಆದರೆ 400 ಮೀಟರಿನ ಟ್ರ್ಯಾಕಿನಲ್ಲಿ 25 ಸುತ್ತಿಗೆ ಮುಗಿಯುವ ಓಟ ಇಲ್ಲಿ 33 ಸುತ್ತು, ಮೇಲೆ 100 ಮೀಟರ್. ಆರಂಭದ ಗೆರೆ ಒಂದು ಕಡೆ, ಮುಕ್ತಾಯದ ಗೆರೆ ಇನ್ನೊಂದು ಕಡೆ.

ಬಂದೂಕು ಸಿಡಿದು ಮೂರನೇ ಸುತ್ತು ಮುಗಿಯುವಷ್ಟರಲ್ಲಿ ಓಟ ಮುಗಿದೇಹೋಗಿತ್ತು ಎನ್ನಬೇಕು. 'ಕ' ಒಬ್ಬರೇ ಮುಂದೆ. 31 ನಿಮಿಷದ ಆಸುಪಾಸಿನಲ್ಲಿ ಓಡುವವರ ಜೊತೆ 38 ನಿಮಿಷದ ಹುಡುಗರನ್ನು ನಿಲ್ಲಿಸಿದರೆ 300 ಮೀಟರಿನ ಟ್ರ್ಯಾಕಿನಲ್ಲಿ ಆರು ಸುತ್ತಿನ ಅಂತರ ಬೀಳುತ್ತದೆ. ಹತ್ತನೇ ಸುತ್ತು ದಾಟುವಾಗ ಯಾರು ಯಾರ ಹಿಂದಿದ್ದಾರೆ, ಯಾರು ಒಂದು ಸುತ್ತು ಕಡಿಮೆ ಓಡಿದ್ದಾರೆ ಎನ್ನುವುದು ನೋಡುವವರಿಗೆ ತಿಳಿಯಲಿಲ್ಲ, ಎಣಿಸುವವರಿಗೂ ತಿಳಿಯಲಿಲ್ಲ.

ಎಣಿಕೆಯ ಮೇಜಿನಲ್ಲಿ ಇದ್ದವರು ಇಬ್ಬರು. ರೂಲು ಹಾಕಿದ ಲೆಕ್ಕದ ಪುಸ್ತಕ, ಪ್ರತಿ ಓಟಗಾರನಿಗೆ ಒಂದು ಸಾಲು, ಸುತ್ತಿಗೊಂದು ಗೀಟು. ನಾಲ್ಕೈದು ಜನ ಒಟ್ಟಿಗೇ ದಾಟಿದಾಗ ಒಬ್ಬರು ನಂಬರು ಕೂಗುವುದು, ಇನ್ನೊಬ್ಬರು ಗೀಟು ಎಳೆಯುವುದು. ಒಬ್ಬ ಹುಡುಗ ಚಳಿಗೆಂದು ಹಾಕಿದ್ದ ತುಂಬುತೋಳಿನ ಬನಿಯನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡದ್ದರಿಂದ ಅವನ ನಂಬರು ಅರ್ಧ ಮುಚ್ಚಿಹೋಗಿತ್ತು. ಅವನ ಒಂದು ಗೀಟು ಪಕ್ಕದ ಸಾಲಿಗೆ ಬಿತ್ತು. ಹಾಗಾಗಿ ಮೂರನೆಯವನಾಗಿ ಓಡುತ್ತಿದ್ದ ಇನ್ನೊಬ್ಬನಿಗೆ ಒಂದು ಸುತ್ತು ಮೊದಲೇ ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಅವನು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಓಡಿ, ಗೆರೆ ದಾಟಿ, ಹುಲ್ಲಿನ ಮೇಲೆ ಕೂತ. "ಇನ್ನೊಂದು ಸುತ್ತಿದೆ ಏಳು" ಎಂದಾಗ ಏಳಲಾಗಲಿಲ್ಲ. ಊರಿನ ಹುಡುಗರಲ್ಲಿ ಅಂದು ಬಹುಮಾನ ಸಿಗುವಂತಿದ್ದದ್ದು ಅವನೊಬ್ಬನಿಗೇ.

ಪ್ರೇಕ್ಷಕರು ಅಷ್ಟರಲ್ಲಿ ಊಟದ ಶಾಮಿಯಾನದ ಕಡೆ ಹೋಗಿದ್ದರು. 'ಕ' ಗೆದ್ದಾಗ ಚಪ್ಪಾಳೆ ತಟ್ಟಿದವರು ಸಂಘದವರು ಮತ್ತು ಉಳಿದ ಓಟಗಾರರ ಮನೆಯವರು.

ಸಭೆಯಲ್ಲಿ ಬಂದ ಎರಡು ಪರಿಹಾರಗಳು

ಮುಂದಿನ ವಾರದ ಸಭೆಯಲ್ಲಿ ಎರಡು ಸಲಹೆ ಬಂದವು. ಎರಡೂ ಸಹಜವಾದವೇ, ಎರಡರ ಮೇಲೂ ಬಹಳ ಹೊತ್ತು ಚರ್ಚೆಯಾಯಿತು.

ಮೊದಲನೆಯದು, ದೂರ ಕಡಿಮೆ ಮಾಡಿ, 1500 ಸಾಕು. ಈ ಯೋಚನೆ ಊರಿನ ಮಟ್ಟದ್ದು ಮಾತ್ರ ಅಲ್ಲ. 2019ರಲ್ಲಿ ಡೈಮಂಡ್ ಲೀಗ್ ಎಂಬ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟಗಳ ಸರಣಿ ನಡೆಸುವವರೇ 2020ರಿಂದ 5000 ಮೀಟರ್ ಬೇಡ, ಹೆಚ್ಚೆಂದರೆ 3000 ಮೀಟರ್ ಇರಲಿ ಎಂದು ಪ್ರಕಟಿಸಿದ್ದರು. ಟಿವಿಯ ಅವಧಿಯನ್ನು ಒಂದೂವರೆ ಗಂಟೆಗೆ ಇಳಿಸುವುದು ಅವರ ಲೆಕ್ಕ. ಲೋಕದೆಲ್ಲೆಡೆಯ ದೂರದ ಓಟಗಾರರಿಗೆ ಅದರಿಂದ ನೋವಾಯಿತು, ಮುಂದೆ 5000 ಮೀಟರ್ ಮರಳಿ ಬಂತು. ಸಭೆಯಲ್ಲಿ ಸುಬೇದಾರರು ಹೇಳಿದ್ದು ಇಷ್ಟೇ: "ಭರ್ತಿಗೆ 1600 ಓಡ್ತಾರಲ್ಲ, ಅದನ್ನೇ ನಾವೂ ಇಡೋದಾದ್ರೆ ಈ ಕೂಟ ಯಾಕೆ ಬೇಕು?"

ಎರಡನೆಯದು, ಇನ್ನೂ ದೊಡ್ಡ ಹೆಸರಿನವರನ್ನು ಕರೆಸೋಣ, ಇನ್ನೂ ಹಣ ಎತ್ತೋಣ. ತೋಟದ ಮಾಲೀಕರೊಬ್ಬರು ಅದಕ್ಕೆ ದೊಡ್ಡ ಮೊತ್ತ ಕೊಡಲೂ ಸಿದ್ಧರಿದ್ದರು. ಕೈಗೆ ಬಂದ ಹಣವನ್ನು ಬೇಡ ಎನ್ನುವುದು ಸಣ್ಣ ಸಂಘಕ್ಕೆ ಸುಲಭವಲ್ಲ. ತೀರ್ಮಾನಕ್ಕೆ ಮೊದಲು 'ಕ' ಅವರನ್ನೇ ಒಂದು ಮಾತು ಕೇಳೋಣ ಎಂದು ದೈಹಿಕ ಶಿಕ್ಷಕರು ಹೇಳಿದರು. ಇಡೀ ಪ್ರಕರಣಕ್ಕೆ ತಿರುವು ಸಿಕ್ಕಿದ್ದು ಆ ಫೋನ್ ಕರೆಯಿಂದ ಎಂದು ನನ್ನ ಭಾವನೆ.

'ಕ' ಬಿಚ್ಚುಮನಸ್ಸಿನಿಂದ ಮಾತಾಡಿದರು. "ದುಡ್ಡು ಕೊಟ್ರಿ, ಊಟ ಚೆನ್ನಾಗಿತ್ತು, ಮರ್ಯಾದೆಯಿಂದ ನೋಡ್ಕೊಂಡ್ರಿ ಸರ್. ಆದ್ರೆ ಅಷ್ಟು ದೂರ ಒಬ್ನೇ ಓಡೋದು ನನಗೆ ಪ್ರಾಕ್ಟೀಸ್ ಥರ. ಆ ಟೈಮಿಂಗ್ ತಗೊಂಡು ನಾನು ಯಾರಿಗೆ ತೋರಿಸ್ಲಿ?" ಟ್ರ್ಯಾಕಿನ ಮೇಲೆ ಹತ್ತು ಸಾವಿರ ಮೀಟರನ್ನು ಜೀವ ಬಿಟ್ಟು ಓಡಲು ವರ್ಷಕ್ಕೆ ಕೆಲವೇ ಸಲ ಮೈ ಒಪ್ಪುತ್ತದೆ. ಅವುಗಳಲ್ಲಿ ಒಂದನ್ನು ಫೆಡರೇಷನ್ ಕಪ್ಪಿಗೆ, ಒಂದನ್ನು ಅಂತರರಾಜ್ಯ ಚಾಂಪಿಯನ್‌ಷಿಪ್‌ಗೆ ಇಟ್ಟುಕೊಳ್ಳಬೇಕು. ಪ್ರಮಾಣೀಕರಿಸಿದ ಟ್ರ್ಯಾಕು, ಮಾನ್ಯತೆ ಪಡೆದ ಕೂಟ, ಎಲೆಕ್ಟ್ರಾನಿಕ್ ಟೈಮಿಂಗ್ ಇಲ್ಲದ ಕಡೆ ಓಡಿದ ಸಮಯ ಆಯ್ಕೆಗೆ ಉಪಯೋಗಕ್ಕಿಲ್ಲ, ನೌಕರಿಯ ಬಡ್ತಿಗೂ ಇಲ್ಲ. ರಸ್ತೆ ಓಟದ ಲೆಕ್ಕ ಬೇರೆ. 2008ರಲ್ಲಿ ಆರಂಭವಾದ ಬೆಂಗಳೂರಿನ 10ಕೆಯಂಥ ಓಟದಲ್ಲಿ ಸಾವಿರಾರು ಸಾಮಾನ್ಯ ಜನ ಶುಲ್ಕ ಕಟ್ಟಿ ತಾವೂ ಓಡುತ್ತಾರೆ, ಪ್ರಾಯೋಜಕರು ಅವರನ್ನು ನೋಡಿ ಬರುತ್ತಾರೆ. ಬಹುಮಾನವೂ ಮೊದಲ ಮೂವರಿಗೇ ನಿಲ್ಲದೆ ಕೆಳಗಿನ ಸ್ಥಾನಗಳವರೆಗೆ ಇಳಿಯುತ್ತದೆ. ಟ್ರ್ಯಾಕಿನ ಓಟಕ್ಕೆ ಆ ವರಮಾನ ಇಲ್ಲ.

ಇಲ್ಲಿ ನಮ್ಮ ದೇಶದ ದಾಖಲೆಗಳನ್ನೇ ನೋಡಬಹುದು. 10,000 ಮೀಟರಿನಲ್ಲಿ ಸುರೇಂದ್ರ ಸಿಂಗ್ 2008ರಲ್ಲಿ 28:02.89 ಓಡಿದ್ದು ಸ್ಪೇನಿನ ವೀಗೊದಲ್ಲಿ. ಅದನ್ನು 2024ರಲ್ಲಿ ಮುರಿದ ಗುಲ್ವೀರ್ ಸಿಂಗ್ ಓಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದೇ ವರ್ಷ ಜಪಾನಿನ ಹಚಿಯೋಜಿಯಲ್ಲಿ ತಮ್ಮದೇ ದಾಖಲೆಯನ್ನು ಸುಧಾರಿಸಿದರು, 2025ರಲ್ಲಿ ಮತ್ತೆ ಕ್ಯಾಲಿಫೋರ್ನಿಯಾದಲ್ಲಿ 27:00.22ಕ್ಕೆ ತಂದರು. ಭಾರತದಲ್ಲಿ ಟ್ರ್ಯಾಕುಗಳಿಲ್ಲವೆಂದಲ್ಲ. ಆ ಹೊರದೇಶದ ಕೂಟಗಳಲ್ಲಿ ಒಂದೇ ಮಟ್ಟದ ಓಟಗಾರರು ಹಿಂಡುಗಟ್ಟಿ ಓಡುತ್ತಾರೆ, ಮುಂದೆ ವೇಗ ಕಾಯುವ ಪೇಸರ್ ಇರುತ್ತಾನೆ, ತಂಪು ಹೊತ್ತಿನಲ್ಲಿ ಓಟ ಇಡುತ್ತಾರೆ. ಒಳ್ಳೆಯ ಓಟಗಾರ ಹುಡುಕುವುದು ತನ್ನಂಥ ಓಟಗಾರರನ್ನು.

ಪ್ರೇಕ್ಷಕರು ಎದ್ದುಹೋದದ್ದಕ್ಕೂ ಇದೇ ಕಾರಣ ಎಂದು ಹೊಳೆದಾಗ ಸಭೆಯ ಚರ್ಚೆ ಬೇರೆ ದಾರಿ ಹಿಡಿಯಿತು. ಓಟಗಾರನಿಗೆ ಪಕ್ಕದಲ್ಲಿ ಯಾರೂ ಇಲ್ಲದ್ದು, ನೋಡುವವರಿಗೆ ಅಲ್ಲಿ ಏನೂ ಕಾಣದ್ದು ಬೇರೆ ಬೇರೆ ರೋಗಗಳಲ್ಲ. ತೋಟದ ಮಾಲೀಕರ ಹಣವನ್ನು ಒಬ್ಬರಿಗೆ ಕೊಡದೆ ಹಂಚುವುದೆಂದು ತೀರ್ಮಾನವಾಯಿತು. ಅವರು ಮೊದಲು ಬೇಸರಪಟ್ಟರು, ಆಮೇಲೆ ಒಪ್ಪಿದರು.

ಎರಡನೇ ವರ್ಷ ಮಾಡಿದ ಬದಲಾವಣೆ

ಸಂಜೆಯ ಹೊತ್ತು ಕೂಟ ಇಡಬೇಕೆಂದು ನನಗೂ ಆಸೆ ಇತ್ತು. ಲಂಡನ್ನಿನಲ್ಲಿ ಹೈಗೇಟ್ ಹ್ಯಾರಿಯರ್ಸ್ ಎಂಬ ಕ್ಲಬ್ಬು 2013ರಲ್ಲಿ ಪಾರ್ಲಿಮೆಂಟ್ ಹಿಲ್ ಮೈದಾನದಲ್ಲಿ ಬರೀ ಹತ್ತು ಸಾವಿರ ಮೀಟರಿನ ಓಟಗಳನ್ನೇ ರಾತ್ರಿಯವರೆಗೆ ನಡೆಸತೊಡಗಿತು. ಓಟಗಾರರನ್ನು ಅವರ ಸಮಯಕ್ಕೆ ತಕ್ಕಂತೆ ಬೇರೆ ಬೇರೆ ಓಟಗಳಿಗೆ ಹಾಕುತ್ತಿದ್ದರು, ಜನರನ್ನು ಟ್ರ್ಯಾಕಿನ ಹೊರ ಲೇನುಗಳವರೆಗೂ ಬಿಡುತ್ತಿದ್ದರು, ಪ್ರವೇಶಕ್ಕೆ ಹಣವಿರಲಿಲ್ಲ. ಆದರೆ ನಮ್ಮಲ್ಲಿ ರಾತ್ರಿ ಸಾಧ್ಯವಿಲ್ಲ ಎಂದು ಹೆಂಗಸರೇ ಸಭೆಯಲ್ಲಿ ಖಂಡಿತವಾಗಿ ಹೇಳಿದರು. ಹಳ್ಳಿಗಳಿಗೆ ಕೊನೆಯ ಬಸ್ಸು ಬೇಗ ಹೋಗುತ್ತದೆ. ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಕಾಡಾನೆ. ಮಕ್ಕಳನ್ನು ಕಟ್ಟಿಕೊಂಡು ಯಾರೂ ನಿಲ್ಲುವುದಿಲ್ಲ. ಹಾಗಾಗಿ ನವೆಂಬರ್ ನಡುವಿನ ಒಂದು ಭಾನುವಾರ, ಮಧ್ಯಾಹ್ನ ಶುರು, ಐದೂವರೆಗೆ ಮುಕ್ತಾಯ ಎಂದಾಯಿತು. ಮಳೆ ಬಹುತೇಕ ಹಿಂದೆ ಸರಿದಿರುತ್ತದೆ, ಕಾಫಿ ಕೊಯ್ಲಿನ ಭರಾಟೆ ಇನ್ನೂ ಶುರುವಾಗಿರುವುದಿಲ್ಲ, ಹವೆಯೂ ತಂಪು. ಬೇಸಿಗೆಯ ಹಾಕಿ ಹಬ್ಬಕ್ಕೆ ಪೈಪೋಟಿಯೂ ಇಲ್ಲ.

ಪುರುಷರ ಓಟವನ್ನು 5000 ಮೀಟರಿಗೆ ಇಳಿಸಿ ಮೂರು ಗುಂಪು ಮಾಡಿದರು. ಕಡಿಮೆ ದೂರದ ಮೋಹಕ್ಕೆ ಇಳಿಸಿದ್ದಲ್ಲ, ಮೂರು ಓಟ ಇಡಬೇಕಾದರೆ ಹೊತ್ತು ಸಾಲದು. ಹೆಸರು ಕೊಡುವಾಗಲೇ ಓಟಗಾರ ತನ್ನ ಸಮಯ ಹೇಳಬೇಕು, ಅವನ ತರಬೇತುದಾರ ಅದಕ್ಕೆ ಸಹಿ ಹಾಕಬೇಕು. ಮೊದಲ ಗುಂಪಿನ ಗುರಿ 16 ನಿಮಿಷ. ಅಂದರೆ ಪ್ರತಿ ಸುತ್ತಿಗೆ 58 ಸೆಕೆಂಡಿನೊಳಗೆ. ಮಹಿಳೆಯರಿಗೆ 3000 ಮೀಟರ್, 300ರ ಟ್ರ್ಯಾಕಿನಲ್ಲಿ ಸರಿಯಾಗಿ 10 ಸುತ್ತು. ಈ ಪೂರ್ಣಸಂಖ್ಯೆ ಪ್ರೇಕ್ಷಕರಿಗೆ ಎಷ್ಟು ನೆರವಾಯಿತೆಂದರೆ ಚಿಕ್ಕ ಮಕ್ಕಳೂ ಬೆರಳು ಮಡಿಸಿ ಎಣಿಸುತ್ತಿದ್ದರು.

ಇನ್ನೊಂದು ಯೋಚನೆ ಸುಬೇದಾರರ ಸೊಸೆಯದು: ಮನೆ ರಿಲೇ. ಒಂದು ಮನೆಯಿಂದ ನಾಲ್ವರು, ತಲಾ ಒಂದು ಸುತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು, 14ರೊಳಗಿನ ಒಂದು ಮಗು, 45 ದಾಟಿದ ಒಬ್ಬರು. ಒಕ್ಕಗಳ (ಕೊಡವ ಮನೆತನಗಳ) ಹೆಸರಿನಲ್ಲಿ ಇಡೋಣ ಎಂದು ಕೆಲವರು ಹೇಳಿದಾಗ ಸುಬೇದಾರರು ಒಪ್ಪಲಿಲ್ಲ. "ಪಂಚಾಯತಿ ನಂಬರ್ ಇರೋ ಮನೆ ಯಾವುದಾದ್ರೂ ಬರ್ಲಿ. ಲೈನ್ ಮನೆಯವರೂ ಬರ್ಲಿ." ಈ ಮಾತಿನಿಂದ ತೋಟದ ಕಾರ್ಮಿಕರ ಸಾಲುಮನೆಗಳಿಂದಲೂ ತಂಡಗಳು ಬಂದವು. ರಿಲೇಯ ಅರ್ಹತಾ ಓಟಗಳನ್ನು ಮೊದಲಿಗೂ ಫೈನಲನ್ನು 5000 ಮೀಟರಿನ ಕೊನೆಯ ಓಟದ ನಂತರಕ್ಕೂ ಇಟ್ಟರು. ಫೈನಲ್ಲಿಗೆ ಬಂದ ಮನೆಯವರು ಎದ್ದುಹೋಗುವಂತಿಲ್ಲ, ಅವರ ನೆಂಟರೂ ಹೋಗುವುದಿಲ್ಲ. ವೇಳಾಪಟ್ಟಿಯಲ್ಲಿ ಈ ಒಂದು ಸಾಲು ಮಾಡಿದ ಕೆಲಸವನ್ನು ಯಾವ ಪೋಸ್ಟರೂ ಮಾಡಲಿಲ್ಲ.

ಜನ ನಿಲ್ಲುವ ಜಾಗವನ್ನೂ ಬದಲಿಸಿದರು. ಮೊದಲ ವರ್ಷ ಶಾಮಿಯಾನ ಟ್ರ್ಯಾಕಿನಿಂದ ದೂರವಿತ್ತು. ಈ ಸಲ ಮೂರನೇ ಲೇನಿನ ಹೊರಗೆ ಹಗ್ಗ ಕಟ್ಟಿ ಅಲ್ಲಿಯವರೆಗೂ ಜನರನ್ನು ಬಿಟ್ಟರು, ಹಗ್ಗದುದ್ದಕ್ಕೂ ನಿವೃತ್ತ ಸೈನಿಕರು ನಿಂತರು. ಓಟಗಾರನ ಉಸಿರು ಕೇಳಿಸುವಷ್ಟು ಹತ್ತಿರ. ಮೈಕು ಹಿಡಿದ ನಿವೃತ್ತ ಮೇಷ್ಟ್ರು ಎಲ್ಲರ ಮನೆತನ ಬಲ್ಲವರು, ಅವರ ಕೈಗೆ ಓಟಗಾರರ ಒಂದೊಂದು ಸಾಲಿನ ಪರಿಚಯ ಬರೆದುಕೊಟ್ಟಿದ್ದೆವು. ಎಣಿಕೆಯ ಮೇಜಿಗೆ ಪ್ರತಿ ಇಬ್ಬರು ಓಟಗಾರರಿಗೆ ಒಬ್ಬ ಎಣಿಕೆಗಾರ. ನಂಬರು ಎದೆಯ ಮೇಲೂ ಬೆನ್ನಿನ ಮೇಲೂ.

ಒಂದು ಪ್ರಯತ್ನ ಅರ್ಧಕ್ಕೇ ನಿಂತಿತು. ದೊಡ್ಡ ಕೂಟಗಳಲ್ಲಿ ಟ್ರ್ಯಾಕಿನ ಒಳ ಅಂಚಿನಲ್ಲಿ ಓಡುವ ದೀಪಗಳು ವೇಗ ತೋರಿಸುತ್ತವೆ. 2020ರಲ್ಲಿ ಜೋಶುವಾ ಚೆಪ್ಟೆಗೈ ವಲೆನ್ಸಿಯಾದಲ್ಲಿ 26:11.00 ಓಡಿದಾಗಲೂ ಅವು ಇದ್ದವು. ಅದರ ಬದಲು ನಾವು ಎನ್‌ಸಿಸಿ ಹುಡುಗರನ್ನು ನಿಲ್ಲಿಸಿ 58 ಸೆಕೆಂಡಿಗೊಮ್ಮೆ ಸೀಟಿ ಊದಿಸಲು ಹೊರಟಿದ್ದೆವು. ಮೈಸೂರಿನಿಂದ ಬಂದ ತಾಂತ್ರಿಕ ಅಧಿಕಾರಿ ತಡೆದರು. "ಸಾರ್, ಓಟದಲ್ಲಿ ಇಲ್ಲದವರು ವೇಗ ಹೇಳಿಕೊಟ್ರೆ ಅದು ನೆರವು ಅಂತ ಆಗುತ್ತೆ. ನಾನು ಬರೀಲೇಬೇಕಾಗುತ್ತೆ." ಅವರು ಹೇಳಿದ್ದು ಸರಿ. ಓಟದೊಳಗೇ ಹೆಸರು ನೋಂದಾಯಿಸಿ ಓಡುವ ಪೇಸರ್‌ಗೆ ಮಾತ್ರ ಅಡ್ಡಿಯಿಲ್ಲ. ಮಹಿಳೆಯರ ಓಟಕ್ಕೆ ಗಂಡಸರು ಪೇಸರ್ ಆಗುವಂತಿಲ್ಲ ಎಂಬುದನ್ನೂ ಅವರೇ ನೆನಪಿಸಿದರು. ಹಿರಿಯ ಓಟಗಾರ್ತಿಯೊಬ್ಬರು ಆರು ಸುತ್ತು ಮುಂದೆ ಓಡಿ ಬದಿಗೆ ಸರಿಯಲು ಒಪ್ಪಿಕೊಂಡರು. ಸೀಟಿ ಹುಡುಗರನ್ನು ಸುತ್ತಿನ ಬೋರ್ಡು ತಿರುಗಿಸಲು ಕಳಿಸಿದೆವು.

ಏನಾಯಿತು

ಮೊದಲ ಗುಂಪಿಗೆ ಮೈಸೂರು, ಹಾಸನ, ಮೂಡುಬಿದಿರೆ ಕಡೆಯ ಕಾಲೇಜು ಓಟಗಾರರು ಬಂದರು. ರಾಜ್ಯ ಮಟ್ಟದವರು, ಮನೆಮಾತಾದ ಹೆಸರು ಒಂದೂ ಇಲ್ಲ. ಅವರ ಜೊತೆಗೆ ಊರಿನ ಇಬ್ಬರು ಹುಡುಗರು. ಪೇಸರ್ ಒಂಬತ್ತನೇ ಸುತ್ತಿನವರೆಗೆ 57, 58ರಲ್ಲೇ ಎಳೆದುಕೊಂಡು ಹೋದ. ಅವನು ಬದಿಗೆ ಸರಿದ ಮೇಲೆ ಯಾರೂ ಮುಂದೆ ಬರಲು ಒಪ್ಪದೆ ಒಂದು ಸುತ್ತು 61ಕ್ಕೆ ಇಳಿಯಿತು. ಮೇಷ್ಟ್ರು ಮೈಕಿನಲ್ಲಿ ಅದನ್ನು ಹೇಳಿದ ಕೂಡಲೇ ಹಗ್ಗದ ಪಕ್ಕದಿಂದ ಕೂಗು ಎದ್ದಿತು. ವೇಗ ಬಿದ್ದಿದೆ ಎಂಬುದು ಜನರಿಗೆ ಅರ್ಥವಾಗಿ, ಅದಕ್ಕೆ ಅವರೇ ಕೂಗಿದ್ದು ಆ ಮೈದಾನದಲ್ಲಿ ಅದೇ ಮೊದಲು. ಕೊನೆಯ ಗಂಟೆ ಬಾರಿಸಿದಾಗ ಐವರು ಒಟ್ಟಿಗೇ ಇದ್ದರು, ಅವರಲ್ಲಿ ಒಬ್ಬ ಊರಿನ ಹುಡುಗ. ಅವನು ನಾಲ್ಕನೆಯವನಾದ. ಗೆದ್ದವನಿಗಿಂತ ಅವನಿಗೇ ಜೋರು ಚಪ್ಪಾಳೆ.

ಹಿಂದಿನ ವರ್ಷ ಗಂಟೆಯ ತಪ್ಪಿನಿಂದ ಬಹುಮಾನ ಕಳೆದುಕೊಂಡಿದ್ದ ಹುಡುಗ ಬರಲಿಲ್ಲ. ಸುಬೇದಾರರು ಅವನ ಮನೆಗೇ ಹೋಗಿ ಕರೆದಿದ್ದರು. ತೋಟದ ಕೆಲಸ ಬಿಟ್ಟು ಬರುವುದಿಲ್ಲ ಎಂದನಂತೆ. ಕೂಟದ ಯಾವ ಯಶಸ್ಸೂ ಇದನ್ನು ಸರಿಮಾಡುವುದಿಲ್ಲ. ಇಂಥ ಕೂಟ ನಡೆಸುವವರು ಬೇರೆ ಖರ್ಚು ಕಡಿಮೆ ಮಾಡಿಯಾದರೂ ಎಣಿಕೆಗಾರರನ್ನು ಮೊದಲು ಹೊಂದಿಸಿಕೊಳ್ಳಬೇಕು.

'ಕ' ಬಂದಿದ್ದರು, ಗೌರವಧನ ಕೇಳಲಿಲ್ಲ. ಗಾಯವಾಗಿದ್ದರಿಂದ ಓಡಲಿಲ್ಲ, ಮೂರನೇ ಗುಂಪಿನ ಹುಡುಗರಿಗೆ ಓಟಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವುದನ್ನು ಹೇಳಿಕೊಟ್ಟರು. ದೇಶದ ಮುಂಚೂಣಿಯ ಓಟಗಾರರು ಮಾತ್ರ ಯಾರೂ ಬರಲಿಲ್ಲ. ಮಣ್ಣಿನ 300 ಮೀಟರ್ ಟ್ರ್ಯಾಕು ಇರುವವರೆಗೆ ಬರುವುದೂ ಇಲ್ಲ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ. ಅವರ ಸಮಯಕ್ಕೆ ಬೆಲೆ ಕೊಡಲಾಗದ ಕಡೆ ಅವರ ಹೆಸರನ್ನು ಮಾತ್ರ ಬಳಸಿಕೊಂಡಂತೆ ಆಗುತ್ತದೆ. ಆದರೆ ರಾಜ್ಯ ಮಟ್ಟದ ಓಟಗಾರನಿಗೆ ತನ್ನ ಮಟ್ಟದ ಹತ್ತು ಜನ, ಒಬ್ಬ ಪೇಸರ್, ಕೂಗುವ ಜನ ಸಿಗುವುದೇ ಅಪರೂಪ. ಅದನ್ನು ಕೊಡಲು ಸಣ್ಣ ಊರಿಗೂ ಆಗುತ್ತದೆ.

ಬಹುಮಾನ ಹಂಚಿದ ರೀತಿಯಲ್ಲಿ ಒಂದು ಗಮನಿಸುವ ಅಂಶವಿದೆ. ಮೂರೂ ಗುಂಪುಗಳಿಗೆ ಸ್ಥಾನದ ಬಹುಮಾನ ಚಿಕ್ಕದು, ಗುರಿಯ ಸಮಯದೊಳಗೆ ಮುಗಿಸಿದ ಪ್ರತಿಯೊಬ್ಬರಿಗೂ ಪ್ರತ್ಯೇಕ ಹಣ. ಇದರಿಂದ ಕಾಯ್ದು ಕಾಯ್ದು ಕೊನೆಯ ಸುತ್ತಿನಲ್ಲಿ ಮಾತ್ರ ಓಡುವ ಆಟ ಕಡಿಮೆಯಾಯಿತು. ಎರಡನೇ ಗುಂಪಿನಲ್ಲಿ ಒಬ್ಬ ಏಳನೆಯವನಾಗಿ ಬಂದು, ಗುರಿಯೊಳಗೆ ಮುಗಿಸಿದ್ದಕ್ಕೆ ಮೊದಲನೆಯವನಷ್ಟೇ ಕುಣಿದಾಡಿದ.

ಈಗ ಸಂಘದ ಮುಂದೆ ಇರುವುದು ಮೂರನೇ ವರ್ಷದ ಪ್ರಶ್ನೆ. ಹೊರ ಜಿಲ್ಲೆಯ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಮಾನ್ಯತೆ ಪಡೆದ ಕೂಟವಾಗಿ ನಡೆಸಿದರೆ ಇನ್ನೂ ಒಳ್ಳೆಯ ಓಟಗಾರರು ಸಿಗಬಹುದು ಎಂದು ಕೆಲವರ ವಾದ. ಹೋದರೆ ಮನೆ ರಿಲೇ ಇಲ್ಲ, ಹಗ್ಗದ ಪಕ್ಕ ನಿಂತ ಜನ ಇಲ್ಲ. ನನ್ನ ಮತ ಇಲ್ಲೇ ಉಳಿಯಲಿ ಎಂಬ ಕಡೆ ಇದೆ. ಮೊದಲ ಗುಂಪಿನಲ್ಲಿ ಚೆನ್ನಾಗಿ ಓಡಿದ ಇಬ್ಬರಿಗೆ ಹೊರಗಿನ ಮಾನ್ಯ ಕೂಟಕ್ಕೆ ಹೋಗಿಬರುವ ಖರ್ಚನ್ನೇ ಬಹುಮಾನವಾಗಿ ಕೊಡಬಹುದು ಎಂದು ದೈಹಿಕ ಶಿಕ್ಷಕರು ಸೂಚಿಸಿದ್ದಾರೆ. ತೋಟದ ಮಾಲೀಕರು ಅದಕ್ಕೆ ಹಣ ಕೊಡಲು ಒಪ್ಪಿದ್ದಾರೆ. ಹತ್ತು ಸಾವಿರ ಮೀಟರನ್ನು ಮತ್ತೆ ಇಡಬೇಕೆಂಬ ಹಟವನ್ನು ಸುಬೇದಾರರು ಬಿಟ್ಟಿಲ್ಲ. 36 ನಿಮಿಷದೊಳಗೆ ಓಡುವ ಹನ್ನೆರಡು ಜನ ಸಿಕ್ಕರೆ ಇಡೋಣ ಎಂದು ಸಭೆ ನಿರ್ಣಯ ಬರೆದಿದೆ, ಅವರು ಈಗಾಗಲೇ ಹೆಸರು ಗುರುತು ಹಾಕಿಕೊಳ್ಳುತ್ತಿದ್ದಾರೆ.